ಅಜ್ಜಿಗೆ ಮರೆವಿರಲಿಲ್ಲ

(ಹೆಸರು, ಊರು, ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆ ಹುಡುಗ ಮತ್ತು ಮನೆಯವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ.)

ಆ ತಾಯಿ ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದದ್ದು ಮಗನ ವಿಷಯಕ್ಕಲ್ಲ, ಅತ್ತೆಯ ವಿಷಯಕ್ಕೆ.

“ಮೇಡಂ, ನಮ್ಮ ಅತ್ತೆಗೆ ಮರೆವು ಹೆಚ್ಚಾಗಿದೆ. ರಾತ್ರಿ ನಿದ್ದೆ ಮಾತ್ರೆ ತೆಗೆದುಕೊಂಡದ್ದು ಮರೆತು ಮತ್ತೊಂದು ನುಂಗುತ್ತಾರೆ. ತಿಂಗಳಿಗೆಂದು ತಂದದ್ದು ಹದಿನೈದು ದಿನಕ್ಕೇ ಮುಗಿಯುತ್ತದೆ. ಕೇಳಿದರೆ, ಒಂದೇ ತೆಗೆದುಕೊಂಡದ್ದು ಎಂದು ಅಳುತ್ತಾರೆ.”

ಅಜ್ಜಿ ಪಕ್ಕದಲ್ಲೇ ಕುಳಿತಿದ್ದರು. ವಯಸ್ಸು ಎಪ್ಪತ್ತೆರಡು. ಸೊಸೆಯನ್ನು ಹೊರಗೆ ಕೂರಿಸಿ ಅವರೊಂದಿಗೆ ಅರ್ಧ ಗಂಟೆ ಮಾತನಾಡಿದೆ. ಹಿಂದಿನ ದಿನ ಏನು ಅಡುಗೆ, ಹಾಲಿನವನಿಗೆ ಎಷ್ಟು ಬಾಕಿ, ಮಹಿಳಾ ಸಂಘದ ಸಾಲದ ಕಂತು ಯಾವ ವಾರದ್ದು, ಎಲ್ಲವನ್ನೂ ತಡವರಿಸದೆ ಹೇಳಿದರು. ನಡಿಗೆಯಲ್ಲಿ ತೂರಾಟವಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುತ್ತೇನೆ ಎಂದರು. ರಾತ್ರಿ ಎರಡು ಮೂರು ನಿದ್ದೆ ಮಾತ್ರೆ ನುಂಗುವ ಮುದುಕಿ ಬೆಳಿಗ್ಗೆ ಐದಕ್ಕೆ ಚುಕ್ಕಿ ತಪ್ಪದೆ ರಂಗೋಲಿ ಬಿಡುವುದು ಹೇಗೆ? ಏಳುವ ಮುನ್ನ ತಗ್ಗಿದ ದನಿಯಲ್ಲಿ, “ನನಗೇ ಈಗ ನನ್ನ ಮೇಲೆ ನಂಬಿಕೆ ಹೋಗಿದೆಯಮ್ಮ. ಎಲ್ಲರೂ ಹೇಳುತ್ತಾರಲ್ಲ, ನಾನೇ ಮರೆತಿರಬಹುದು” ಎಂದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಸೊಸೆಯನ್ನು ಒಳಗೆ ಕರೆದು ಒಂದೇ ಪ್ರಶ್ನೆ ಕೇಳಿದೆ: ಮನೆಯಲ್ಲಿ ಇನ್ನು ಯಾರಿದ್ದಾರೆ?

ಗಂಡ, ತಾವು, ದ್ವಿತೀಯ ಪಿಯುಸಿ ವಿಜ್ಞಾನ ಓದುವ ಮಗ. ಉತ್ತರ ಹೇಳುವಾಗಲೇ ಅವರ ಮುಖ ಬದಲಾಯಿತು.

ಆ ಹುಡುಗನನ್ನು ಇಲ್ಲಿ ಕಿರಣ ಎಂದು ಕರೆಯುತ್ತೇನೆ. ಹದಿನೇಳು ವರ್ಷ, ಚುರುಕು. ನೀಟ್ ತರಬೇತಿಗೆಂದು ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ರಾತ್ರಿ ಎಂಟಕ್ಕೆ ಮನೆ ಸೇರುವುದು. ಮೊದಲ ಭೇಟಿಯಲ್ಲಿ ಹೆಚ್ಚು ಮಾತನಾಡಲಿಲ್ಲ. ಚೀಲದ ಜಿಪ್ಪನ್ನು ತೆಗೆಯುತ್ತಾ ಹಾಕುತ್ತಾ ಕುಳಿತಿದ್ದ. ನಾನು ಎಲ್ಲ ಮಕ್ಕಳಿಗೂ ಮೊದಲೇ ಹೇಳುವುದನ್ನು ಅವನಿಗೂ ಹೇಳಿದೆ: “ಇಲ್ಲಿ ಹೇಳಿದ್ದು ಇಲ್ಲಿಯೇ ಇರುತ್ತದೆ. ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯವಿದೆ ಎನಿಸಿದರೆ ಮಾತ್ರ ಮನೆಯವರಿಗೆ ತಿಳಿಸಬೇಕಾಗುತ್ತದೆ. ಅದನ್ನೂ ನಿನಗೆ ಹೇಳಿಯೇ ತಿಳಿಸುತ್ತೇನೆ.” ಈ ಮಾತನ್ನು ಕೊನೆಗೆ ಹೇಳಿದರೆ ಮೋಸವಾಗುತ್ತದೆ. ಮೊದಲೇ ಹೇಳಿದರೆ ಕೆಲವರು ಬಾಯಿ ಮುಚ್ಚಿಕೊಳ್ಳುತ್ತಾರೆ, ನಿಜ. ಆದರೂ ಮೊದಲೇ ಹೇಳುತ್ತೇನೆ.

ಎರಡನೆಯ ಭೇಟಿಯಲ್ಲಿ ಅವನೇ ಶುರು ಮಾಡಿದ. “ಅಜ್ಜಿಗೆ ಮರೆವಿನ ಕಾಯಿಲೆ ಎಂದು ಅಪ್ಪ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರಂತೆ. ಅವರಿಗೆ ಏನೂ ಆಗಿಲ್ಲ ಮೇಡಂ.”

“ನಿನಗೆ ಹೇಗೆ ಗೊತ್ತು?”

ಜಿಪ್ಪು ತೆಗೆದು, ಕಂಪಾಸ್ ಪೆಟ್ಟಿಗೆಯ ಒಳಗಿನಿಂದ ಒಂದು ಮಾತ್ರೆ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟ. ಹತ್ತರಲ್ಲಿ ನಾಲ್ಕು ಉಳಿದಿದ್ದವು. ಆಲ್‌ಪ್ರಜೋಲಂ, 0.5 ಮಿಲಿಗ್ರಾಂ. ಹಿಂಬದಿಯ ಬೆಳ್ಳಿ ಹಾಳೆಯಲ್ಲಿ ಕೆಂಪು ಗೆರೆ, ವೈದ್ಯರ ಚೀಟಿ ಇಲ್ಲದೆ ಕೊಡಬಾರದು ಎಂಬುದರ ಗುರುತು.

ಶುರುವಾದದ್ದು ಜುಲೈನಲ್ಲಿ. ತರಬೇತಿಯ ವಾರದ ಪರೀಕ್ಷೆಯಲ್ಲಿ ರ‍್ಯಾಂಕ್ ಕುಸಿದ ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಿದ್ದ. ಪಕ್ಕದ ಮಂಚದಲ್ಲಿದ್ದ ಅಜ್ಜಿ ಎದ್ದು, ತಮ್ಮ ಮಾತ್ರೆಯನ್ನು ಮುರಿದು, “ಅರ್ಧ ನುಂಗಿ ಮಲಗು ಮಗು, ಬೆಳಿಗ್ಗೆ ಹಗುರವಾಗಿ ಏಳುತ್ತೀಯ” ಎಂದು ಕೊಟ್ಟಿದ್ದರು. ಪ್ರೀತಿಯಿಂದಲೇ ಕೊಟ್ಟದ್ದು. ನಮ್ಮ ಮನೆಗಳಲ್ಲಿ ಇದು ಹೊಸದೇನಲ್ಲ: ಅಪ್ಪನ ಬೆನ್ನುನೋವಿನ ಮಾತ್ರೆ ಅಮ್ಮನಿಗೆ, ಅಕ್ಕನಿಗೆ ಬರೆದ ಆ್ಯಂಟಿಬಯಾಟಿಕ್‌ನಲ್ಲಿ ಉಳಿದದ್ದು ತಮ್ಮನ ಕೆಮ್ಮಿಗೆ. ಔಷಧಿಯನ್ನು ಹೇಗೆ ಬಳಸಬೇಕು ಎಂಬ ಪಾಠವನ್ನು ಮಕ್ಕಳು ಶಾಲೆಗಿಂತ ಮೊದಲೇ ಅಡುಗೆಮನೆಯ ಡಬ್ಬಿಯಿಂದ ಕಲಿತಿರುತ್ತಾರೆ.

ಅರ್ಧ ಮಾತ್ರೆ ಎರಡು ವಾರಕ್ಕೆ ಸಾಲದಾಯಿತು. ದಸರಾ ರಜೆಯ ಹೊತ್ತಿಗೆ ಒಂದೂವರೆ, ದೀಪಾವಳಿ ಕಳೆದ ಮೇಲೆ ಮೂರು. ಅಜ್ಜಿಯ ಡಬ್ಬಿಯಿಂದ ಕದ್ದದ್ದು ಸಾಲದಿದ್ದಾಗ ಅಜ್ಜಿಯ ಹಳೆಯ ಚೀಟಿಯನ್ನು ಹಿಡಿದು ಔಷಧಿ ಅಂಗಡಿಗೆ ಹೋದ. ಪರಿಚಯದ ಮನೆಯ ಹುಡುಗ, ಅಜ್ಜಿಗೆಂದು ಕೇಳುತ್ತಿದ್ದಾನೆ ಎಂದು ಅಂಗಡಿಯವರು ಕೊಟ್ಟರು. ಕೊಡಬಾರದಿತ್ತು. ಆಲ್‌ಪ್ರಜೋಲಂ ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿದೆ, ಅಂದರೆ ಚೀಟಿಯಿಲ್ಲದೆ ಮಾರಬಾರದ, ಮಾರಿದ ಲೆಕ್ಕ ಇಡಬೇಕಾದ ಔಷಧಗಳ ಪಟ್ಟಿಯಲ್ಲಿ. ಚೀಟಿ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಮೂರನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಮಾದಕ ವಸ್ತುಗಳ ನಿಯಂತ್ರಣಕ್ಕಿರುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇದೇ ಮಾತ್ರೆ ಇದೆ. ಇದನ್ನು ಕೇಳಿದಾಗ ಕಿರಣನ ಕೈ ಜಿಪ್ಪಿನ ಮೇಲೆ ನಿಂತಿತು.

“ಅದು ಡ್ರಗ್ಸ್ ಅಲ್ಲವಲ್ಲ ಮೇಡಂ. ಡಾಕ್ಟರು ಬರೆದುಕೊಟ್ಟದ್ದು.”

ಜೂನ್ 26ರ ಮಾದಕ ವಸ್ತು ವಿರೋಧಿ ದಿನದಂದು ಇದೇ ಹುಡುಗ ಭಿತ್ತಿಪತ್ರ ಸ್ಪರ್ಧೆಯಲ್ಲಿ ಬಹುಮಾನ ಪಡೆದಿದ್ದ. ತಲೆಬುರುಡೆ, ಸಿರಿಂಜು, ಹೊಗೆ ಬಿಟ್ಟ ಚಿತ್ರ. ಅದಾಗಿ ತಿಂಗಳೊಳಗೆ ಅವನ ಕಂಪಾಸ್ ಪೆಟ್ಟಿಗೆಯಲ್ಲಿ ಈ ಪಟ್ಟಿ ಸೇರಿತ್ತು, ಮತ್ತು ಅವನಿಗೆ ಎರಡಕ್ಕೂ ಸಂಬಂಧವಿದೆ ಎಂದು ಒಮ್ಮೆಯೂ ಅನಿಸಿರಲಿಲ್ಲ. ತಪ್ಪು ಅವನದಲ್ಲ. ತಲೆಬುರುಡೆ ಬರೆಸಿದ ನಾವು ಮಾತ್ರೆ ಪಟ್ಟಿಯನ್ನು ಓದಲು ಕಲಿಸಿರಲಿಲ್ಲ.

ನಾನು ಅವನನ್ನು ನೇರವಾಗಿಯೇ ಕೇಳಿದೆ: “ಇಷ್ಟೂ ಮಾತ್ರೆ ಒಟ್ಟಿಗೆ ನುಂಗಿ ಸಾಯಬೇಕು ಎಂದು ಯಾವತ್ತಾದರೂ ಅನಿಸಿತ್ತೇ?” ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಪೋಷಕರೂ ಶಿಕ್ಷಕರೂ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದವರ ಮುಂದೆ ಹೇಳುವುದು ಸುಲಭವಾಗುತ್ತದೆ. ಕಿರಣ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾಯಬೇಕು ಎಂದಲ್ಲ, ಪರೀಕ್ಷೆ ಮುಗಿಯುವ ತನಕ ಎಚ್ಚರವೇ ಆಗಬಾರದು ಎನಿಸಿದ್ದುಂಟು ಎಂದ. ಆ ಉತ್ತರವನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿರಲಿಲ್ಲ. ಮನೆಯವರಿಗೆ ತಿಳಿಸಬೇಕು ಎಂದೆ. ಒಪ್ಪಿದ, ಬಹುಶಃ ಅಜ್ಜಿಗಾಗಿ ಒಪ್ಪಿದ.

ಇನ್ನೊಂದು ಸಂಗತಿಯೂ ಹೊರಬಿತ್ತು. ಗೆಳೆಯನ ಹುಟ್ಟುಹಬ್ಬದ ರಾತ್ರಿ ಒಬ್ಬ ಹುಡುಗ ಬಿಯರ್ ಕುಡಿದು, ಇವನಿಂದ ಎರಡು ಮಾತ್ರೆ ಕೇಳಿ ನುಂಗಿದ್ದ. ಎಬ್ಬಿಸಿದರೆ ಏಳಲಿಲ್ಲ, ಗೊರಕೆ ವಿಚಿತ್ರವಾಗಿತ್ತು. ಉಳಿದವರು ಹೆದರಿ ಬಾಯಿಗೆ ನಿಂಬೆರಸ ಹಿಂಡಿದರು, ಮಜ್ಜಿಗೆ ಹುಯ್ದರು. ಮರುದಿನ ಮಧ್ಯಾಹ್ನ ಎಚ್ಚರಾಯಿತು. “ಏನೂ ಆಗಲಿಲ್ಲ ಮೇಡಂ” ಎಂದ. ಏನೂ ಆಗದಿದ್ದುದು ಅದೃಷ್ಟ. ನಿದ್ದೆ ಮಾತ್ರೆಯೂ ಮದ್ಯವೂ ಮಿದುಳನ್ನು ಒಂದೇ ಕಡೆಗೆ ತಳ್ಳುತ್ತವೆ. ಎರಡೂ ಸೇರಿದಾಗ ಉಸಿರಾಟವೇ ಮಂದವಾಗಿ ನಿಲ್ಲಬಹುದು. ಪ್ರಜ್ಞೆ ಇಲ್ಲದವರ ಬಾಯಿಗೆ ಹುಯ್ದ ಮಜ್ಜಿಗೆ ಶ್ವಾಸಕೋಶಕ್ಕೆ ಇಳಿದರೆ ಅದೇ ಕೊಲ್ಲುತ್ತದೆ. ಅಂಥವರನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಒಬ್ಬರು ಉಸಿರನ್ನು ನೋಡುತ್ತಾ ಪಕ್ಕದಲ್ಲೇ ಇರಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು, ಏನು ನುಂಗಿದ್ದಾನೆ ಎಂಬುದನ್ನು ವೈದ್ಯರಿಂದ ಮುಚ್ಚಿಡಬಾರದು. ಖಾಲಿ ಪಟ್ಟಿ ಸಿಕ್ಕರೆ ಅದನ್ನೂ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಕಿರಣನಿಂದ ಎರಡು ಸಲ ಹೇಳಿಸಿದೆ.

ಅಪ್ಪ ಅಮ್ಮ ಇಬ್ಬರೂ ಅಂದೇ ಸಂಜೆ ಬಂದರು. ಅಮ್ಮ ಅಳುತ್ತಿದ್ದರು. ಅಪ್ಪನ ಸಿಟ್ಟು ಬೇರೆ ದಾರಿ ಹಿಡಿದಿತ್ತು: “ಇವತ್ತಿಗೇ ನಿಲ್ಲಿಸುತ್ತಾನೆ ಮೇಡಂ. ಬೀರುವಿಗೆ ಬೀಗ ಹಾಕುತ್ತೇನೆ. ನಾಲ್ಕು ದಿನ ನಿದ್ದೆ ಬಾರದಿದ್ದರೆ ಸಾಯುವುದಿಲ್ಲ.”

ಸಾಮಾನ್ಯವಾಗಿ ನಾನು ಪೋಷಕರ ಮಾತನ್ನು ತಡೆಯುವುದಿಲ್ಲ. ಅಂದು ತಡೆದೆ. ತಿಂಗಳುಗಟ್ಟಲೆ ದಿನವೂ ತೆಗೆದುಕೊಂಡ ಆಲ್‌ಪ್ರಜೋಲಂ ಅನ್ನು ಒಂದೇ ಏಟಿಗೆ ನಿಲ್ಲಿಸಿದರೆ ಕೈಕಾಲು ನಡುಕ, ಬೆವರು, ವಿಪರೀತ ದಿಗಿಲು ಮಾತ್ರವಲ್ಲ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಎಷ್ಟು ಕಡಿಮೆ ಮಾಡಬೇಕು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ನಿರ್ಧರಿಸಬೇಕಾದವರು ಮನೋವೈದ್ಯರು. ಅಪ್ಪನೂ ಅಲ್ಲ, ನಾನೂ ಅಲ್ಲ. ಅವರ ಎದುರಿಗೇ ಮನೋವೈದ್ಯರಿಗೆ ಫೋನು ಮಾಡಿದೆ. ಆ ರಾತ್ರಿ ಏನು ಮಾಡಬೇಕೆಂದು ವೈದ್ಯರೇ ಅವರಿಗೆ ಹೇಳಿದರು, ಮರುದಿನ ಬೆಳಿಗ್ಗೆಗೆ ಸಮಯ ಕೊಟ್ಟರು. ಅಪ್ಪನಿಗೆ ಇನ್ನೊಂದು ಭಯವಿತ್ತು, ಪೊಲೀಸ್ ಕೇಸು. ಮಗನನ್ನು ವೈದ್ಯರ ಬಳಿ ಕರೆದೊಯ್ಯುವುದು ಪೊಲೀಸರಿಗೆ ಒಪ್ಪಿಸಿದಂತಲ್ಲ ಎಂದು ವಿವರಿಸಿದೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ರಕ್ಷಣೆಯ ದಾರಿಯನ್ನೇ ತೆರೆದಿಟ್ಟಿದೆ. ಆದರೆ ಗೆಳೆಯರಿಗೆ ಹಂಚುವುದು ಬೇರೆಯದೇ ಅಪರಾಧ, ಅದು ಇಂದಿಗೇ ನಿಲ್ಲಬೇಕು ಎಂದೂ ಹೇಳಿದೆ.

ಅಪ್ಪ ಕೊನೆಗೆ ಕೇಳಿದ ಪ್ರಶ್ನೆ: “ಇವನ ಓದಿನ ಗತಿ?”

ಅದಕ್ಕೆ ಉತ್ತರವನ್ನು ಕಿರಣನಿಗೇ ಹೇಳಿದೆ. ನಿದ್ದೆ ಬಂದರೆ ಓದು ತಲೆಗೆ ಹತ್ತುತ್ತದೆ ಎಂದು ನುಂಗಿದ ಮಾತ್ರೆ, ಹೊಸದಾಗಿ ಕಲಿತದ್ದು ನೆನಪಿನಲ್ಲಿ ಕೂರುವುದನ್ನೇ ಕೆಡಿಸುವ ಮಾತ್ರೆ. ನವೆಂಬರಿನಲ್ಲಿ ಜೀವಶಾಸ್ತ್ರದ ಒಂದು ಅಧ್ಯಾಯವನ್ನು ತಾನೇ ಓದಿ ಗೆರೆ ಎಳೆದಿದ್ದರೂ ಓದಿದ್ದೇ ನೆನಪಿಲ್ಲವೆಂದು ಅವನೇ ಹೇಳಿದ್ದ. ಬುದ್ಧಿ ಮಂದವಾಗುತ್ತಿದೆ ಎಂದು ಹೆದರಿ ಇನ್ನೊಂದು ಮಾತ್ರೆ ಹೆಚ್ಚಿಸಿದ್ದ. ಮನೆಯಲ್ಲಿ ನಿಜವಾಗಿ ಮರೆಯುತ್ತಿದ್ದವನು ಮೊಮ್ಮಗ. ಕಿರಣ ಅತ್ತದ್ದು ಆಗ.

ಮನೋವೈದ್ಯರು ಸುಮಾರು ಹತ್ತು ವಾರಗಳ ಅವಧಿಯಲ್ಲಿ ಮಾತ್ರೆಯನ್ನು ಹಂತಹಂತವಾಗಿ ಇಳಿಸಿದರು. ಮಾತ್ರೆ ಅಮ್ಮನ ಕೈಯಲ್ಲಿ, ಎಣಿಕೆಯ ಪುಸ್ತಕ ಕಿರಣನ ಕೈಯಲ್ಲಿ. ನಿದ್ದೆಯ ಕೆಲಸ ನನ್ನದು. ಎಷ್ಟು ಹೊತ್ತಿಗೆ ಮಲಗಿದರೂ ಏಳುವ ಸಮಯ ಒಂದೇ ಇರಬೇಕು. ಸಂಜೆ ನಾಲ್ಕರ ಮೇಲೆ ಕಾಫಿ, ಟೀ ಇಲ್ಲ. ಹಾಸಿಗೆಯಲ್ಲಿ ಪುಸ್ತಕವೂ ಬೇಡ, ಮೊಬೈಲೂ ಬೇಡ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಕುಳಿತು, ಕಣ್ಣು ಎಳೆದಾಗ ಮಾತ್ರ ಮರಳಬೇಕು. ಮೊದಲ ಮೂರು ವಾರ ಕಷ್ಟವಾಯಿತು. ನಾಲ್ಕೂವರೆಗೆ ಏಳಬೇಕಾದ ಬೆಳಗಿನ ತರಬೇತಿಯನ್ನು ಬಿಡಿಸಿ ಸಂಜೆಯ ತಂಡಕ್ಕೆ ಹಾಕಿಸಲು ಅಪ್ಪ ಒಪ್ಪಿದ್ದರಿಂದಲೇ ಉಳಿದದ್ದು ಸಾಧ್ಯವಾಯಿತು ಎಂದು ನನ್ನ ನಂಬಿಕೆ. ದಿನಕ್ಕೆ ಐದು ಗಂಟೆಯ ನಿದ್ದೆಯನ್ನು ಗೊತ್ತುಮಾಡಿ, ನಿದ್ದೆ ಬರುವುದಿಲ್ಲವೆಂದು ಮಗುವನ್ನು ದೂರುವುದರಲ್ಲಿ ಅರ್ಥವಿಲ್ಲ. ನಡುರಾತ್ರಿ ದಿಗಿಲಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವನ ಫೋನಿನಲ್ಲಿ ಬರೆಸಿದೆ. ಎರಡು ಸಲ ಕರೆ ಮಾಡಿದನಂತೆ.

ಅಜ್ಜಿಗೆ ನಿಜ ಹೇಳುವುದು ಬೇಡ, ಬೇಸರಪಡುತ್ತಾರೆ ಎಂದು ಮನೆಯವರ ಅಭಿಪ್ರಾಯ. ನಾನು ಒಪ್ಪಲಿಲ್ಲ. ತನ್ನ ನೆನಪಿನ ಮೇಲೆ ತಾನೇ ನಂಬಿಕೆ ಕಳೆದುಕೊಂಡ ಹಿರಿಜೀವಕ್ಕೆ ಆ ನಂಬಿಕೆಯನ್ನು ಮರಳಿಸಬೇಕಾದದ್ದು ಚಿಕಿತ್ಸೆಯಷ್ಟೇ ಮುಖ್ಯ. ಕಿರಣನೇ ಹೇಳಲಿ ಎಂದೆ. ನನ್ನ ಕೋಣೆಯಲ್ಲೇ ಹೇಳಿದ, ತಲೆ ತಗ್ಗಿಸಿಕೊಂಡು. ಅಜ್ಜಿ ಅವನ ಕೈ ಹಿಡಿದುಕೊಂಡು ಮೊದಲು ಕೇಳಿದ್ದು, “ಹಾಗಾದರೆ ನನಗೆ ಮರೆವಿಲ್ಲವೇ?” ಆಮೇಲೆ, “ಮೊದಲ ಅರ್ಧ ನಾನೇ ಕೊಟ್ಟೆನಲ್ಲ ಮಗು” ಎಂದು ತಾವೂ ಅತ್ತರು. ಅವರ ಚೀಟಿ ಐದು ವರ್ಷ ಹಳೆಯದು, ಯಾರೂ ಮರುಪರಿಶೀಲಿಸಿರಲಿಲ್ಲ. ವಯಸ್ಸಾದವರಲ್ಲಿ ಇದೇ ಮಾತ್ರೆ ಬೀಳುವ ಅಪಾಯವನ್ನೂ ಗೊಂದಲವನ್ನೂ ಹೆಚ್ಚಿಸುತ್ತದೆ. ಅವರನ್ನೂ ಅದೇ ವೈದ್ಯರಿಗೆ ತೋರಿಸಿ ಎಂದೆ. ಅವರ ಮಾತ್ರೆಯನ್ನೂ ನಿಧಾನವಾಗಿ ಇಳಿಸಲಾಯಿತು.

ಈ ಪ್ರಕರಣದ ನಂತರ ಕಾಲೇಜುಗಳಲ್ಲಿ ನನ್ನ ತರಗತಿಯ ರೀತಿ ಬದಲಾಗಿದೆ. ಭಾಷಣದ ಬದಲು ಮನೆಯಿಂದ ಖಾಲಿ ಮಾತ್ರೆ ಪಟ್ಟಿಯೊಂದನ್ನು ತರಲು ಹೇಳುತ್ತೇನೆ. ಎಲ್ಲರೂ ಅದನ್ನು ಓದಬೇಕು: ಒಳಗಿನ ಔಷಧದ ಹೆಸರು, ಪ್ರಮಾಣ, ಮುಗಿಯುವ ದಿನಾಂಕ, ಕೆಂಪು ಗೆರೆ. ಹೋದ ತಿಂಗಳು ಒಬ್ಬ ಹುಡುಗಿ ಜ್ವರದ ಪಟ್ಟಿಯನ್ನೂ ನೆಗಡಿಯ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು, “ಎರಡರಲ್ಲೂ ಪ್ಯಾರಾಸಿಟಮಾಲ್ ಇದೆ ಮೇಡಂ, ಅಮ್ಮ ಎರಡನ್ನೂ ಕೊಡುತ್ತಾರೆ” ಎಂದು ಎದ್ದು ನಿಂತಳು. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು, ಮಿತಿಮೀರಿದರೆ ಯಕೃತ್ತು ಹಾಳಾಗುತ್ತದೆ, ಮೊದಲ ದಿನ ಮನುಷ್ಯ ಚೆನ್ನಾಗಿಯೇ ಕಾಣುತ್ತಾನೆ. ಅದಕ್ಕೇ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಓಡಬೇಕು ಎಂದು ಆ ಪಟ್ಟಿಗಳನ್ನೇ ಹಿಡಿದು ತೋರಿಸಿದೆ. ಗಾಂಜಾ, ಸಿಂಥೆಟಿಕ್ ಮಾದಕ ವಸ್ತುಗಳ ಮಾತು ಅದರ ನಂತರ ಬರುತ್ತದೆ. ಕೆಂಪು ಗೆರೆಯನ್ನು ಓದಲು ಬಂದ ಮೇಲೆ ಮಕ್ಕಳು ಆ ಮಾತನ್ನು ಬೇರೆ ಕಿವಿಯಿಂದ ಕೇಳುತ್ತಾರೆ; ಮೈಯೊಳಗೆ ಏನು ಹೋಗುತ್ತಿದೆ, ಯಾರು ಕೊಟ್ಟರು, ಎಷ್ಟು ಎಂಬ ಪ್ರಶ್ನೆಗಳು ಅಲ್ಲಿಗೂ ಅವೇ.

ಪೋಷಕರಿಗೆ ನನ್ನ ಕೋರಿಕೆ ಸಣ್ಣದು. ಮನೆಯಲ್ಲಿ ನಿದ್ದೆಯ, ನೋವಿನ, ಆತಂಕದ ಮಾತ್ರೆಗಳಿದ್ದರೆ ಎಣಿಸಿ ಇಡಿ. ಎಣಿಕೆ ತಪ್ಪಿದರೆ ಹಿರಿಯರನ್ನು ಗದರುವ ಮೊದಲು, ಕಿರಿಯರ ಪಕ್ಕದಲ್ಲಿ ಸಮಾಧಾನದಿಂದ ಕುಳಿತು, ಈಚೆಗೆ ನಿದ್ದೆ ಹೇಗಿದೆ ಎಂದು ಕೇಳಿ.

ಕಿರಣ ಮಾರ್ಚ್‌ನಲ್ಲಿ ಪರೀಕ್ಷೆ ಬರೆದ. ಭೌತಶಾಸ್ತ್ರದ ಹಿಂದಿನ ರಾತ್ರಿ ಒಂದು ಗಂಟೆಯ ತನಕ ಎಚ್ಚರವಿದ್ದನಂತೆ. ಅಜ್ಜಿಯೂ ಎದ್ದು ಕುಳಿತಿದ್ದರು. ಇಬ್ಬರೂ ಅಡುಗೆಮನೆಯಲ್ಲಿ ಬಿಸಿ ಹಾಲು ಕುಡಿದು, ಮರುದಿನದ ರಂಗೋಲಿಗೆ ಹಳೆಯ ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಟ್ಟು ನೋಡುತ್ತಾ ಕುಳಿತರಂತೆ. ಹದಿನೈದು ಚುಕ್ಕಿ, ನಡುವೆ ಬಿಟ್ಟು ಎಂಟು. ಎಷ್ಟು ಹೊತ್ತಿಗೆ ನಿದ್ದೆ ಬಂತೋ ನೆನಪಿಲ್ಲ ಎಂದ.