ಟ್ರೈನ್ ಸಿಮ್ಯುಲೇಟರ್‌ನಲ್ಲಿ ಕೊಂಡ ಹೊಸ ರೂಟ್ ಸರಿಯಾಗಿ ಓಡುತ್ತಿಲ್ಲ, ಪೂರ್ತಿ ಗೇಮ್ ಮತ್ತೆ ಡೌನ್‌ಲೋಡ್ ಮಾಡಬೇಕಾ?

ಬೇಡ, ದಯವಿಟ್ಟು ಗೇಮ್ ಅನ್‌ಇನ್‌ಸ್ಟಾಲ್ ಮಾಡಬೇಡಿ. ನೀವು ಸೋಮವಾರಪೇಟೆ ಕಡೆಯವರು, ಗೇಮ್ ಮಾರುವ ಸ್ಟೀಮ್‌ನಲ್ಲಿ ಟ್ರೈನ್ ಸಿಮ್ಯುಲೇಟರ್ ಕ್ಲಾಸಿಕ್‌ಗೆ ಹೊಸ ರೂಟ್ (ಓಡಿಸಲು ಇನ್ನೊಂದು ರೈಲು ಮಾರ್ಗ) ಕೊಂಡಿದ್ದೀರಿ, ಡೌನ್‌ಲೋಡ್ ಆಗುವಾಗ ನಡುನಡುವೆ ಕರೆಂಟ್ ಹೋಗಿದೆ. ಈಗ ಹಳಿ ಇದೆ, ಸ್ಟೇಷನ್ ಕಟ್ಟಡಗಳಿಲ್ಲ. ಒಂದು ಸಿನಾರಿಯೋ (ಆ ಮಾರ್ಗದಲ್ಲಿ ಆಡಲು ಸಿದ್ಧಪಡಿಸಿದ ಒಂದು ಓಟ) ಶುರುವಾಗುತ್ತದೆ, ಇನ್ನೊಂದು ಲೋಡ್ ಆಗುವಾಗಲೇ ಗೇಮ್ ಮುಚ್ಚಿಕೊಳ್ಳುತ್ತದೆ. ಇಷ್ಟೇ ಅಲ್ವಾ? ನಾನು ಮಡಿಕೇರಿಯವನು, ಈ ಗೇಮ್ ವರ್ಷಗಳಿಂದ ಆಡುತ್ತಿದ್ದೇನೆ. ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲದ ನಮಗೆ ರೈಲು ಓಡಿಸುವ ಆಸೆ ತೀರುವುದು ಇಲ್ಲೇ. ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು, ಕೊಂಡ ದಿನ ಯಾವುದು ನೋಡಿಕೊಳ್ಳಿ. ಮೂಲ ಗೇಮ್‌ಗೆ ಸೇರಿಸಿಕೊಳ್ಳುವ ಇಂಥ ಆಡ್-ಆನ್‌ಗೆ ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಕೇಳಲು 14 ದಿನ ಸಮಯ ಇರುತ್ತದೆ. ಜೊತೆಗೆ ಇನ್ನೊಂದು ಷರತ್ತಿದೆ: ಆಡ್-ಆನ್ ಕೊಂಡ ಮೇಲೆ ಮೂಲ ಗೇಮ್ 2 ಗಂಟೆಗಿಂತ ಕಡಿಮೆ ಓಡಿರಬೇಕು. ರಿಪೇರಿ ಮಾಡುತ್ತಾ ಗೇಮ್ ತೆರೆದಿಟ್ಟುಕೊಂಡು ಕೂತರೆ ಆ ಸಮಯವೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ನೋಡುವಷ್ಟು ನೋಡಿ, ತಕ್ಷಣ ಮುಚ್ಚಿ.

ಈಗ ವಿಷಯಕ್ಕೆ ಬರೋಣ. ಸ್ಟೀಮ್ ಲೈಬ್ರರಿಯಲ್ಲಿ ಗೇಮ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಇನ್‌ಸ್ಟಾಲ್ಡ್ ಫೈಲ್ಸ್‌ನಲ್ಲಿ ವೆರಿಫೈ ಒತ್ತಿ. ಅದು ನಿಮ್ಮ ಡಿಸ್ಕ್‌ನಲ್ಲಿರುವ ಒಂದೊಂದು ಫೈಲನ್ನೂ ಓದಿ, ಮೂಲದ ಜೊತೆ ತಾಳೆ ನೋಡುತ್ತದೆ. ಹಾಳಾಗಿರುವುದನ್ನು ಮಾತ್ರ ಮತ್ತೆ ತರಿಸುತ್ತದೆ. ಆಡ್-ಆನ್ ಜಾಸ್ತಿ ಇದ್ದರೆ ತುಂಬಾ ಹೊತ್ತು ಹಿಡಿಯುತ್ತದೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿಕೊಂಡು ಶುರು ಮಾಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಮಳೆಗಾಲದಲ್ಲಿ ಇದಕ್ಕೆ ಕೈ ಹಾಕಬೇಡಿ. ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ನೆಟ್ ಕಟ್ಟಾದರೆ ಅಷ್ಟೇನೂ ತೊಂದರೆ ಇಲ್ಲ, ಸ್ಟೀಮ್ ನಿಂತಲ್ಲಿಂದ ಮುಂದುವರಿಸುತ್ತದೆ. ಡಿಸ್ಕ್‌ಗೆ ಬರೆಯುತ್ತಿರುವಾಗ ಕರೆಂಟ್ ಹೋಗುವುದೇ ಫೈಲನ್ನು ಕೆಡಿಸುವುದು. ಕೊನೆಯಲ್ಲಿ ಒಂದು ಫೈಲ್ ಸರಿಯಿಲ್ಲ ಎಂದು ತೋರಿಸಿದರೆ ಗಾಬರಿ ಬೇಡ. ಅದು ಎಷ್ಟೋ ಸಲ ನಿಮ್ಮದೇ ಸೆಟ್ಟಿಂಗ್ಸ್ ಫೈಲ್ ಆಗಿರುತ್ತದೆ.

ಪ್ರತಿ ಸಲ ವೆರಿಫೈ ಮಾಡಿದಾಗಲೂ ಮತ್ತೆ ಮತ್ತೆ ಹಲವು ಫೈಲ್ ಕೆಟ್ಟಿವೆ ಎಂದು ಬಂದರೆ ಕಥೆ ಬೇರೆ. ಆಗ ಗೇಮ್ ಬಿಡಿ, ಹಾರ್ಡ್ ಡಿಸ್ಕ್ ಪರೀಕ್ಷೆ ಮಾಡಿಸಿ.

ವೆರಿಫೈ ಆದ ಮೇಲೂ ಕಟ್ಟಡಗಳು ಬಾರದಿದ್ದರೆ ಕ್ಯಾಶ್ (ಬೇಗ ಲೋಡ್ ಆಗಲೆಂದು ಗೇಮ್ ಮಾಡಿಟ್ಟುಕೊಳ್ಳುವ ಪಟ್ಟಿ) ಅಳಿಸಿ. ಗೇಮ್‌ನ ಫೋಲ್ಡರ್ ಹೆಸರು ಇವತ್ತಿಗೂ ರೈಲ್‌ವರ್ಕ್ಸ್ ಎಂದೇ ಇದೆ, ಸ್ಟೀಮ್‌ಆಪ್ಸ್ ಒಳಗೆ ಕಾಮನ್‌ನಲ್ಲಿ ಸಿಗುತ್ತದೆ. ಅದರಲ್ಲಿ ಯುಟಿಲಿಟೀಸ್ ಎಂಬ ಪ್ರೋಗ್ರಾಂ ಇದೆ. ಗೇಮ್ ಮುಚ್ಚಿ, ಅದನ್ನು ತೆರೆದು ಕ್ಲಿಯರ್ ಕ್ಯಾಶ್ ಒತ್ತಿ. ಫೈಲ್ ಸರಿಯಾಗಿದ್ದರೂ ಹಳೇ ಪಟ್ಟಿ ನೋಡಿಕೊಂಡು ಗೇಮ್ ‘ಈ ವಸ್ತು ಇಲ್ಲ’ ಎಂದುಕೊಂಡಿರಬಹುದು. ಅಳಿಸಿದ ಮೇಲೆ ಮೊದಲ ಸಲ ಲೋಡ್ ಆಗಲು ತಡವಾಗುತ್ತದೆ, ಸುಮ್ನೆ ಕಾಯಿರಿ.

ಆಗಲೂ ಆಗಲಿಲ್ಲವಾ? ಪ್ರಾಪರ್ಟೀಸ್‌ನಲ್ಲೇ ಡಿಎಲ್‌ಸಿ, ಅಂದರೆ ಆಡ್-ಆನ್‌ಗಳ ಪಟ್ಟಿ ಇದೆ. ಆ ಒಂದು ರೂಟ್‌ನ ಟಿಕ್ ತೆಗೆಯಿರಿ, ಅದು ಅಳಿಸಿ ಹೋಗಲಿ, ಮತ್ತೆ ಟಿಕ್ ಹಾಕಿ. ಅದೊಂದೇ ಡೌನ್‌ಲೋಡ್ ಆಗುತ್ತದೆ. ನಮ್ಮ ಕಡೆಯ ನೆಟ್‌ಗೆ ಇದು ದೊಡ್ಡ ಉಪಕಾರ. ಅದೂ ಕಷ್ಟ ಎಂದರೆ, ಮೈಸೂರಿಗೆ ಹೋಗುವಾಗ ಲ್ಯಾಪ್‌ಟಾಪ್ ಒಯ್ದು ನೆಂಟರ ಮನೆಯ ವೈಫೈನಲ್ಲಿ ಇಳಿಸಿಕೊಳ್ಳಿ. ಆಮೇಲೆ ಸ್ಟೀಮ್‌ನಲ್ಲೇ ಬ್ಯಾಕಪ್ ಮಾಡಿ ಎತ್ತಿಡಿ. ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದರೆ, 2023ರಿಂದ ಸ್ಟೀಮ್ ಒಂದೇ ನೆಟ್‌ವರ್ಕ್‌ನಲ್ಲಿರುವ ಒಂದರಿಂದ ಇನ್ನೊಂದಕ್ಕೆ ಗೇಮ್ ಫೈಲ್ ಸಾಗಿಸುತ್ತದೆ, ಇಂಟರ್‌ನೆಟ್ ಡೇಟಾ ಉಳಿಯುತ್ತದೆ.

ಲೋಡ್ ಆಗುವಾಗ ಮುಚ್ಚಿಕೊಳ್ಳುವ ಆ ಸಿನಾರಿಯೋ ಬಗ್ಗೆ ನನಗೆ ಬೇರೆಯೇ ಅನುಮಾನ. ಅದು ಆಟಗಾರರೇ ಮಾಡಿ ಹಂಚಿಕೊಳ್ಳುವ ಸ್ಟೀಮ್ ವರ್ಕ್‌ಶಾಪ್‌ನಿಂದ ತಂದಿದ್ದಾ? ಹಾಗಾದರೆ ಅದರ ಪುಟದಲ್ಲಿ ಬೇಕಾದ ಡಿಎಲ್‌ಸಿಗಳ ಪಟ್ಟಿ ಇರುತ್ತದೆ. ಸಿನಾರಿಯೋ ಮಾಡಿದವರು ಬೇರೊಂದು ರೂಟ್‌ನ ಬೋಗಿಗಳನ್ನು ಬಳಸಿ, ಅದು ನಿಮ್ಮ ಹತ್ತಿರ ಇಲ್ಲದಿದ್ದರೆ ಎಷ್ಟು ವೆರಿಫೈ ಮಾಡಿದರೂ ಓಡುವುದಿಲ್ಲ. ಫೈಲ್ ಕೆಟ್ಟಿರುವುದಲ್ಲ, ಆ ಫೈಲೇ ನಿಮ್ಮ ಹತ್ತಿರ ಇಲ್ಲ. ಮಾಡ್ (ಗೇಮ್ ಬದಲಿಸಲು ಹೊರಗಿನಿಂದ ತರುವ ಫೈಲ್) ಹಾಕಿದ್ದರೆ ಅದನ್ನೂ ನೆನಪಿಸಿಕೊಳ್ಳಿ. ವೆರಿಫೈ ನೀವು ಹೊರಗಿನಿಂದ ಸೇರಿಸಿದ ಫೈಲ್‌ಗಳನ್ನು ಮುಟ್ಟುವುದಿಲ್ಲ, ನೀವೇ ಕೈಯಾರೆ ತೆಗೆಯಬೇಕು.

ಇನ್ನು ಲೋಡ್ ಆಗಿ, ಚೆನ್ನಾಗಿ ಓಡಿ, ದೊಡ್ಡ ಸ್ಟೇಷನ್ ಹತ್ತಿರ ಬಂದಾಗ ಮುಚ್ಚಿಕೊಂಡರೆ ಅದು ಮೆಮೊರಿ ತೊಂದರೆ ಇರಬಹುದು. 32 ಬಿಟ್ ಆವೃತ್ತಿಗೆ 4 ಜಿಬಿಗಿಂತ ಹೆಚ್ಚು ಮೆಮೊರಿ ಬಳಸಲು ಆಗುವುದಿಲ್ಲ, ನಿಮ್ಮ ಕಂಪ್ಯೂಟರ್‌ನಲ್ಲಿ 16 ಇದ್ದರೂ ಅಷ್ಟೇ. ಪ್ಲೇ ಒತ್ತಿದಾಗ 64 ಬಿಟ್ ಆರಿಸಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ರೂಟ್‌ನ ಜೊತೆಗೇ ಬಂದ ಸಿನಾರಿಯೋ ಅದೇ ಜಾಗದಲ್ಲಿ ನಿಂತರೆ ತಪ್ಪು ರೂಟ್ ತಯಾರಿಸಿದವರ ಕಡೆಯದು. ರೂಟ್ ಹೆಸರು, ಸಿನಾರಿಯೋ ಹೆಸರು, ಯಾವ ಸ್ಟೇಷನ್ ಹತ್ತಿರ, 32 ಅಥವಾ 64 ಬಿಟ್, ಪರದೆಯ ಚಿತ್ರ, ಇಷ್ಟು ಸೇರಿಸಿ ಅವರ ಸಪೋರ್ಟ್‌ಗೆ ಬರೆಯಿರಿ. ಉತ್ತರಕ್ಕೆ ಕಾಯುತ್ತಾ 14 ದಿನ ದಾಟಿಸಬೇಡಿ.