ದೋಣಿಯ ಮುಚ್ಚಿದ ಪೆಟ್ಟಿಗೆಯೊಳಗೆ ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜ್ ಮಾಡಬಹುದೇ?

ಇಂಜಿನ್ ಸ್ಟಾರ್ಟ್ ಮಾಡಲು ಒಂದು, ದೀಪ ಮತ್ತು ಮೀನು ಪತ್ತೆಹಚ್ಚುವ ಸಾಧನಕ್ಕೆ (ಫಿಶ್ ಫೈಂಡರ್) ಇನ್ನೊಂದು, ಹೀಗೆ ಆಸನದ ಕೆಳಗಿನ ಪೆಟ್ಟಿಗೆಯಲ್ಲಿರುವ ಎರಡು 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿಗಳನ್ನು, ದೋಣಿಯನ್ನು ದಡದಲ್ಲಿ ಕಟ್ಟಿ, ರಾತ್ರಿಯಿಡೀ ಚಾರ್ಜ್‌ಗೆ ಹಾಕಿಡಬಹುದೇ ಎಂದು ಕೇಳಿದ್ದೀರಿ. ಪೆಟ್ಟಿಗೆ ಮುಚ್ಚಿರುವವರೆಗೆ ಬೇಡ ಎಂಬುದೇ ನನ್ನ ಉತ್ತರ. ಹೆಚ್ಚಿನವರು ಯಾವ ಚಾರ್ಜರ್ ಕೊಳ್ಳಬೇಕೆಂದು ಯೋಚಿಸುತ್ತಾರೆ. ನಾನು ಮೊದಲು ನೋಡುವುದು ಬ್ಯಾಟರಿಯಿಂದ ಹೊರಡುವ ಅನಿಲಕ್ಕೆ ದಾರಿ ಇದೆಯೇ ಎಂಬುದನ್ನು.

ನೀರು ತುಂಬಿಸುವ ಬಗೆಯ ಬ್ಯಾಟರಿ ಪೂರ್ತಿ ಚಾರ್ಜ್ ಆಗುತ್ತ ಬಂದಂತೆ, ಸುಮಾರು 14.4 ವೋಲ್ಟ್ ದಾಟಿದ ಮೇಲೆ, ಒಳಗಿನ ನೀರು ಒಡೆದು ಹೈಡ್ರೋಜನ್ ಮತ್ತು ಆಮ್ಲಜನಕ ಗುಳ್ಳೆಗಳಾಗಿ ಹೊರಬರುತ್ತವೆ. ಗಾಳಿಯಲ್ಲಿ ಹೈಡ್ರೋಜನ್ ಶೇಕಡಾ 4 ರಷ್ಟಾದರೂ ಸಾಕು, ಒಂದು ಸಣ್ಣ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದು ಗಾಳಿಗಿಂತ ಹಗುರವಾದ್ದರಿಂದ ಮುಚ್ಚಳದ ಒಳಮೈಗೆ ಸೇರಿ ನಿಲ್ಲುತ್ತದೆ. ಆದ್ದರಿಂದ ಹೊರಹೋಗುವ ರಂಧ್ರ ಪೆಟ್ಟಿಗೆಯ ಅತಿ ಎತ್ತರದ ಭಾಗದಲ್ಲೂ, ಹೊಸ ಗಾಳಿ ಬರುವ ರಂಧ್ರ ಕೆಳಗೂ ಇರಬೇಕು. ಪೆಟ್ರೋಲ್ ಆವಿ ಇದಕ್ಕೆ ತದ್ವಿರುದ್ಧವಾಗಿ ಭಾರವಾಗಿದ್ದು ದೋಣಿಯ ತಳದಲ್ಲಿ ಕೂರುತ್ತದೆ. ಇಂಧನದ ಟ್ಯಾಂಕ್ ಪಕ್ಕದಲ್ಲೇ ಇದ್ದರೆ ಚಾರ್ಜ್ ಮಾಡುವ ಮೊದಲು ತಳವನ್ನೂ ಗಾಳಿಗೆ ತೆರೆದಿಡಿ. ಸಮುದ್ರದ ನೀರು ಬ್ಯಾಟರಿಯೊಳಗೆ ಹೊಕ್ಕರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟಬಹುದು. ಬ್ಯಾಟರಿಯನ್ನು ನೀರು ನಿಲ್ಲದ ಎತ್ತರದಲ್ಲಿ, ಅಲೆಗೆ ಉರುಳದಂತೆ ಪಟ್ಟಿಯಿಂದ ಬಿಗಿದಿಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಚಾರ್ಜರ್ ಹಂತಹಂತವಾಗಿ ಕೆಲಸ ಮಾಡುವ ಸ್ವಯಂಚಾಲಿತ ಬಗೆಯದಾಗಿರಬೇಕು, ಅಂದರೆ ಬ್ಯಾಟರಿ ತುಂಬಿದ ಮೇಲೆ ವೋಲ್ಟೇಜನ್ನು ತಾನಾಗಿಯೇ ಸುಮಾರು 13.5 ಕ್ಕೆ ಇಳಿಸಬೇಕು. 100 ಆಂಪಿಯರ್-ಅವರ್ ಬ್ಯಾಟರಿಗೆ 10 ಆಂಪಿಯರ್ ಚಾರ್ಜರ್ ಧಾರಾಳ. ಒಳಗಿನ ಆಮ್ಲ ಜೆಲ್ಲಿಯಂತೆ ಗಟ್ಟಿಯಾಗಿರುವ ಜೆಲ್ ಬ್ಯಾಟರಿಗೆ ಕಡಿಮೆ ವೋಲ್ಟೇಜ್ ಬೇಕು. ಲಿಥಿಯಂ ಬ್ಯಾಟರಿಗೆ ಅದರದೇ ಚಾರ್ಜರ್ ಬೇಕು, ಹೆಪ್ಪುಗಟ್ಟುವ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಲೇಬಾರದು. ಮುಂದೆ ಎರಡರಲ್ಲಿ ಒಂದನ್ನು ಲಿಥಿಯಂಗೆ ಬದಲಿಸಿದರೆ, ಎರಡನ್ನೂ ಒಂದೇ ತಂತಿಗೆ ಸೇರಿಸಿ ಚಾರ್ಜ್ ಮಾಡಬೇಡಿ.

ಕ್ಲಿಪ್ ಹಾಕುವಾಗ ಚಾರ್ಜರ್‌ನ ಸ್ವಿಚ್ ಆಫ್ ಆಗಿರಲಿ: ಮೊದಲು ಪ್ಲಸ್, ನಂತರ ಮೈನಸ್, ಆಮೇಲೆ ಸ್ವಿಚ್. ತೆಗೆಯುವಾಗ ಮೊದಲು ಸ್ವಿಚ್ ಆಫ್ ಮಾಡಿ, ನಂತರ ಮೈನಸ್, ಕೊನೆಗೆ ಪ್ಲಸ್. ಕಿಡಿ ಹಾರುವುದು ಬಹುತೇಕ ಈ ಕ್ಷಣದಲ್ಲೇ, ಅದೂ ಅನಿಲ ತುಂಬಿರುವ ಜಾಗದಲ್ಲೇ. ಪ್ಲಸ್ ತಂತಿಗೆ ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಇರಲಿ, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಯಲ್ಲಿ ಶಾರ್ಟ್ ಆದರೆ ಅದನ್ನು ತಡೆಯುವವರು ಯಾರೂ ಇಲ್ಲ. ದಡದಿಂದ ಬರುವ ವಿದ್ಯುತ್ತಿಗೆ 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಹೋಗುವ ಬ್ರೇಕರ್ ಕಡ್ಡಾಯವೆಂದೇ ತಿಳಿಯಿರಿ. ನೀರಿನ ಬಳಿ ಇದರಲ್ಲಿ ರಾಜಿ ಬೇಡ.

ಇಷ್ಟು ಸರಿಯಿದ್ದರೂ ಮೊದಲ ಸಲ ಹಗಲಿನಲ್ಲಿ, ಮುಚ್ಚಳ ತೆಗೆದಿಟ್ಟು ಚಾರ್ಜ್ ಮಾಡಿ, ಆಗಾಗ ಬ್ಯಾಟರಿಯ ಹೊರಮೈ ಮುಟ್ಟಿ ನೋಡಿ. ಬೆಚ್ಚಗಾಗುವುದು ಸಹಜ. ಕೈಯಿಡಲಾಗದಷ್ಟು ಬಿಸಿಯಾದರೆ, ಪಕ್ಕಗಳು ಉಬ್ಬಿದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಕ್ಲಿಪ್ ಮುಟ್ಟದೆ ದಡದ ಸ್ವಿಚ್ಚನ್ನೇ ಆಫ್ ಮಾಡಿ, ದೂರ ನಿಂತು ಆರಲು ಬಿಡಿ; ಆ ಬ್ಯಾಟರಿಯನ್ನು ಮತ್ತೆ ಚಾರ್ಜ್‌ಗೆ ಹಾಕಬೇಡಿ. ಹೀಗೇನೂ ಆಗದೆ ಚಾರ್ಜರ್ ತಾನಾಗಿಯೇ ಕೊನೆಯ ಹಂತಕ್ಕೆ ಇಳಿದದ್ದನ್ನು ಕಂಡ ಮೇಲೆ ರಾತ್ರಿಯ ವೇಳೆ ಹಾಕಿಡಬಹುದು, ಆದರೆ ಆ ರಾತ್ರಿ ದೋಣಿಯೊಳಗೆ ಯಾರೂ ಮಲಗಬಾರದು.