ಓದುಗರ ಪ್ರಶ್ನೆ: ಹೆಸರು ಹಾಕಿದರೂ ಅಳಿಸಿಬಿಟ್ಟರಲ್ಲ!

ಪ್ರಶ್ನೆ: ಕನ್ನಂಬಾಡಿ ಕಟ್ಟೆಯ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ನಾಲ್ಕು ಪ್ಯಾರಾ ಸೇರಿಸಿದ್ದೆ. ಇತಿಹಾಸದ ಪುಸ್ತಕವೊಂದರಿಂದ ತೆಗೆದುಕೊಂಡು, ಕೆಳಗೆ ಅದರ ಹೆಸರನ್ನೂ ಹಾಕಿದ್ದೆ. ಆದರೂ ಕೃತಿಸ್ವಾಮ್ಯ ಉಲ್ಲಂಘನೆ ಎಂದು ಅಳಿಸಿದ್ದಾರೆ. ಇದು ಸರಿಯೇ?
– ಓದುಗರು, ಪಾಂಡವಪುರ

ಉತ್ತರ: ಸರಿ. ಮಾಹಿತಿ ಎಲ್ಲಿಂದ ಬಂತು ಎಂದು ಹೇಳುವುದು ಬೇರೆ, ಅನುಮತಿ ಪಡೆಯುವುದು ಬೇರೆ. ವಿಕಿಪೀಡಿಯದ ಬರಹ ಸಿಸಿ ಬೈ-ಎಸ್‌ಎ 4.0 ಎಂಬ ಮುಕ್ತ ಪರವಾನಗಿಯಡಿ ಹೊರಬರುತ್ತದೆ. ಯಾರು ಬೇಕಾದರೂ ಅದನ್ನು ನಕಲಿಸಿ, ತಿದ್ದಿ, ಮಾರಲೂಬಹುದು. ಇನ್ನೊಬ್ಬರ ಪುಸ್ತಕದ ಪರವಾಗಿ ಆ ಒಪ್ಪಿಗೆ ಕೊಡಲು ನಿಮಗೆ ಹಕ್ಕಿಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಹಕ್ಕು ಉಳಿಯುತ್ತದೆ. 1998ರಲ್ಲಿ ತೀರಿಕೊಂಡ ಮೇಲುಕೋಟೆಯ ಪು.ತಿ.ನ. ಅವರ ಬರಹಕ್ಕೆ 2058ರ ಕೊನೆಯವರೆಗೂ ರಕ್ಷಣೆಯಿದೆ. ಪುಸ್ತಕ ಅಂಗಡಿಯಲ್ಲಿ ಸಿಗುತ್ತಿಲ್ಲ ಎಂಬ ಕಾರಣಕ್ಕೆ ಹಕ್ಕು ಹೋಗುವುದಿಲ್ಲ.

ಸಂಗತಿಗೆ ಮಾತ್ರ ಒಡೆಯರಿಲ್ಲ. ‘1911ರಲ್ಲಿ ಕಾವೇರಿ ತಾಯಿಯ ಮಡಿಲಲ್ಲಿ ಮಹಾಯಜ್ಞವೊಂದು ಆರಂಭವಾಯಿತು’ ಎಂದು ಪುಸ್ತಕದಲ್ಲಿದೆ ಎನ್ನಿ. 1911, ಕಾವೇರಿ, ಕೆಲಸ ಶುರು: ಇಷ್ಟು ಎಲ್ಲರದು. ಮಡಿಲು, ಮಹಾಯಜ್ಞ ಲೇಖಕರದು. ‘ಆರಂಭ’ ತೆಗೆದು ‘ಶುರು’ ಹಾಕಿದರೆ ನಕಲು ತಪ್ಪದು, ವಾಕ್ಯದ ಅಚ್ಚು ಅದೇ ಉಳಿದಿರುತ್ತದೆ. ಎರಡು ಮೂರು ಪುಸ್ತಕ ಓದಿ, ಅಂಶಗಳನ್ನಷ್ಟೇ ಗುರುತು ಹಾಕಿಕೊಂಡು, ಪುಸ್ತಕ ಮುಚ್ಚಿಟ್ಟು ಬರೆಯಿರಿ. ಪುಟಸಂಖ್ಯೆ ಸಮೇತ ಉಲ್ಲೇಖ ಕೊಡಿ. ಅಳಿಸಿದ್ದನ್ನು ವಾಪಸ್ ತಂದು ಅದರ ಮೇಲೆಯೇ ತಿದ್ದಲು ಹೋಗಬೇಡಿ. ನಕಲಾದ ಆವೃತ್ತಿ, ಪುಟದ ಹಳೆಯ ರೂಪಗಳನ್ನೆಲ್ಲ ತೋರಿಸುವ ‘ಇತಿಹಾಸ’ದಲ್ಲಿ ಉಳಿಯುವುದರಿಂದ ನಿರ್ವಾಹಕರು ಅದನ್ನೂ ಮರೆಮಾಡಬೇಕಾಗುತ್ತದೆ.

ನಿಮಗೆ ಅನುಕೂಲವಾದದ್ದು ಒಂದಿದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಗೆ ಬಿಟ್ಟಿತು. ಆ ಸಂಪುಟಗಳ ಬರಹವನ್ನು ಮೂಲ ನಮೂದಿಸಿ ಹಾಗೆಯೇ ಬಳಸಬಹುದು. ಎಲ್ಲ ಸಂಪುಟವೂ ಅಲ್ಲ, ನೋಡಿಕೊಳ್ಳಿ.

ಪ್ರಶ್ನೆ: ಅದೇ ಕಟ್ಟೆಯ ಎತ್ತರ 124.80 ಅಡಿ ಎಂದು ಬರೆದೆ. ಪತ್ರಿಕೆಯ ಉಲ್ಲೇಖವಿದ್ದರೂ ಒಬ್ಬರು ತೆಗೆದುಹಾಕಿದರು.
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಅದು ಕಟ್ಟೆಯ ಎತ್ತರವಲ್ಲ, ಜಲಾಶಯ ತುಂಬಿದಾಗಿನ ನೀರಿನ ಮಟ್ಟ. ಮಳೆಗಾಲದಲ್ಲಿ ದಿನವೂ ಅಚ್ಚಾಗುವ ಅಂಕಿಯಾದ್ದರಿಂದ ವರದಿಗಾರರೂ ಎಡವುತ್ತಾರೆ. ಎತ್ತರ, ಉದ್ದ, ಸಾಮರ್ಥ್ಯದಂಥ ಅಂಕಿಗಳಿಗೆ ನೀರಾವರಿ ಇಲಾಖೆಯ ದಾಖಲೆ ಅಥವಾ ಗ್ಯಾಸೆಟಿಯರ್ ಹಿಡಿಯಿರಿ.

ಇನ್ನೊಂದು ಬಲೆ ಇದೆ. ವಿಕಿಯ ತಪ್ಪನ್ನು ಪತ್ರಿಕೆ ನಕಲಿಸುತ್ತದೆ. ಆಮೇಲೆ ಅದೇ ಪತ್ರಿಕೆ ವಿಕಿಗೆ ಸಾಕ್ಷಿಯಾಗುತ್ತದೆ. ‘ಇತಿಹಾಸ’ ತೆರೆದು ಆ ವಾಕ್ಯ ಯಾವಾಗ ಸೇರಿತೆಂದು ಹುಡುಕಿ. ವರದಿ ಅದಕ್ಕಿಂತ ಈಚಿನದಾದರೆ ಅನುಮಾನಿಸಿ, ಹಳೆಯ ಮೂಲ ಹುಡುಕಿ. ಸಿಗದಿದ್ದರೆ ‘ಚರ್ಚೆ’ ಪುಟದಲ್ಲಿ ದಿನಾಂಕಗಳನ್ನು ಬರೆದಿಡಿ. ತೆಗೆದವರೊಂದಿಗೆ ದಿನಕ್ಕೆ ನಾಲ್ಕು ಸಲ ಅಳಿಸಿ-ಹಾಕುವ ಜಗಳಕ್ಕಿಳಿದರೆ ನಿಮ್ಮ ಖಾತೆಗೇ ತಡೆ ಬೀಳಬಹುದು.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಬಂದ ವೈರಮುಡಿ ಉತ್ಸವದ ಫೋಟೊ ಹಾಕಬಹುದೇ?
– ಓದುಗರು, ಮೈಸೂರು

ಉತ್ತರ: ಬೇಡ. ಹಕ್ಕು ಸಾಮಾನ್ಯವಾಗಿ ತೆಗೆದವರದು, ಕಳಿಸಿದವರದಲ್ಲ. ಮುಂದಿನ ಉತ್ಸವಕ್ಕೆ ಹೋಗಿ ನೀವೇ ತೆಗೆದು ವಿಕಿಯ ಚಿತ್ರಭಂಡಾರವಾದ ಕಾಮನ್ಸ್‌ಗೆ ಏರಿಸಿ.